ಬೋರ್ಡಿನ ಮೇಲಿನ ಹೆಸರು ಯಾರದು?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಅಜ್ಜನ ಕಾಲದ ಕಾರ್ಖಾನೆ, ಮುದ್ರಣಾಲಯ, ಪತ್ರಿಕೆ, ಪ್ರಕಾಶನಗಳ ಕೀಲಿಕೈ ಹಿಡಿಯಲಿರುವ ಮಕ್ಕಳು, ಮೊಮ್ಮಕ್ಕಳಿಗೆ,



ಜಯನಗರ ನಾಲ್ಕನೇ ಬ್ಲಾಕಿನ ಯಾವುದಾದರೂ ದಿನಸಿ ಅಂಗಡಿಯಲ್ಲಿ ಪುಳಿಯೋಗರೆ ಪುಡಿ ಇಟ್ಟಿರುವ ಸಾಲಿನ ಮುಂದೆ ಎರಡು ನಿಮಿಷ ನಿಂತು ನೋಡಿ. ಒಂದು ಪೊಟ್ಟಣದ ಮೇಲೆ ಎಂಟಿಆರ್ ಎಂದಿದೆ, ಇನ್ನೊಂದರ ಮೇಲೆ ಮಯ್ಯಾಸ್ ಎಂದಿದೆ. ಮೊದಲನೆಯದರ ಒಡೆತನ ನಾರ್ವೆ ದೇಶದ ಒಂದು ಕಂಪನಿಯದು. ಎರಡನೆಯದನ್ನು ಶುರುಮಾಡಿದವರು, ಆ ಮೊದಲನೆಯದನ್ನು ಬೆಳೆಸಿ ಮಾರಿದ ಸದಾನಂದ ಮಯ್ಯ. ಅಲ್ಲಿಂದ ಹೆಚ್ಚು ದೂರವಿಲ್ಲದ ಲಾಲ್‌ಬಾಗ್ ರಸ್ತೆಯಲ್ಲಿ, ಎಂಟಿಆರ್ ಹೋಟೆಲಿನ ಮುಂದೆ ಬೆಳಗ್ಗೆಯೇ ಜನ ರವೆ ಇಡ್ಲಿಗೆ ಸರದಿ ಕಾಯುತ್ತಿರುತ್ತಾರೆ. ಆ ಹೋಟೆಲು ಮಾತ್ರ ಮಯ್ಯ ಮನೆತನದ ಇನ್ನೊಂದು ಕವಲಿನ ಕೈಯಲ್ಲೇ ಉಳಿದಿದೆ. ಹೆಸರು ಒಂದೇ ಆದರೂ ಹೋಟೆಲಿನ ಮಾಲೀಕರು ಬೇರೆ, ಪೊಟ್ಟಣದ ಮಾಲೀಕರು ಬೇರೆ. ಹೆಸರು ಮಾರಿದವರು ಪಕ್ಕದಲ್ಲೇ ಇನ್ನೊಂದು ಹೆಸರಿಟ್ಟು ಕೂತಿದ್ದಾರೆ.

ಈ ಪತ್ರ ಬರೆಯಲು ಕಾರಣ ಆ ಸಾಲು. ಸಾರಕ್ಕಿ ಕೈಗಾರಿಕಾ ಬಡಾವಣೆಯಲ್ಲೂ ಎನ್.ಎಸ್. ಪಾಳ್ಯದ ಶೆಡ್ಡುಗಳಲ್ಲೂ 'ಅಂಡ್ ಸನ್ಸ್' ಎಂದು ಬರೆದ ಬೋರ್ಡುಗಳು ಇನ್ನೂ ಕಾಣುತ್ತವೆ. ಆ ಬೋರ್ಡಿನ ಕೆಳಗೆ ಮುಂದೆ ಕೂರಬೇಕಾದವರು ನೀವು. ಮಾರುವುದೋ, ಪಾಲು ಮಾಡಿಕೊಳ್ಳುವುದೋ, ಹಾಗೇ ನಡೆಸುವುದೋ ಎಂಬ ಮಾತು ಮನೆಯಲ್ಲಿ ಇವತ್ತಲ್ಲ ನಾಳೆ ಬರುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಬೋರ್ಡಿನ ಮೇಲಿರುವ ಹೆಸರಿನೊಳಗೆ ನಿಜವಾಗಿ ಏನಿದೆ? ಒಂದು ಪಾಕವೇ, ಒಂದು ಯಂತ್ರವೇ, ಒಂದು ಸಾಗಾಟದ ಜಾಲವೇ, ಇಲ್ಲ ಒಬ್ಬ ಮನುಷ್ಯನೇ? ಕರ್ನಾಟಕದ ಮನೆತನದ ಕಂಪನಿಗಳು ಯಾವ ದಿಕ್ಕಿಗೆ ಹೊರಳಿದವು ಎಂಬುದಕ್ಕೆ ಉತ್ತರ ಬಹುಪಾಲು ಇಲ್ಲೇ ಸಿಗುತ್ತದೆ.

ಎಂಟಿಆರ್ ಕಥೆ ನಿಮಗೆ ಬಾಯಿಪಾಠವೇ ಇರಬಹುದು. ಆದರೂ ಈ ಕಣ್ಣಿನಿಂದ ಇನ್ನೊಮ್ಮೆ ನೋಡಬೇಕು. 1924ರಲ್ಲಿ ಉಡುಪಿ ಕಡೆಯ ಪರಂಪಳ್ಳಿಯ ಯಜ್ಞನಾರಾಯಣ ಮಯ್ಯ ಮತ್ತು ಸೋದರರು ಬೆಂಗಳೂರಿನಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ತೆರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಬೇಯಿಸಿದರು. 1951ರಲ್ಲಿ ಯಜ್ಞನಾರಾಯಣರು ಯುರೋಪು ಸುತ್ತಿ, ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದು ತಮ್ಮ ಅಡುಗೆಮನೆಯ ಶಿಸ್ತನ್ನೇ ಬದಲಿಸಿದರು. 1960ರಲ್ಲಿ ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅಲ್ಲಿಯವರೆಗೂ ಅದು ಹೋಟೆಲು. ಹೆಸರಿನೊಳಗೆ ಇದ್ದದ್ದು ಭಟ್ಟರ ಕೈ, ಮಾಲೀಕರ ಕಣ್ಣು.

ತಿರುವು ಬಂದದ್ದು ತುರ್ತು ಪರಿಸ್ಥಿತಿಯಲ್ಲಿ. ಸರ್ಕಾರ ತಿಂಡಿಗೆ ದರ ಕಟ್ಟಿತು. ಆ ದರಕ್ಕೆ ಎಂಟಿಆರ್ ಗುಣಮಟ್ಟದಲ್ಲಿ ತಿಂಡಿ ಕೊಟ್ಟರೆ ದಿನದಿನವೂ ನಷ್ಟ. ಗುಣ ಇಳಿಸಲು ಮನೆಯವರು ಒಪ್ಪಲಿಲ್ಲ, ನಷ್ಟದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಗಿರಾಕಿಗಳ ಕಣ್ಣಿಗೆ ಬೀಳುವಂತೆ ಇಟ್ಟರು. ಕೊನೆಗೆ ಹೋಟೆಲನ್ನು ಕೆಲಕಾಲ ಮುಚ್ಚಬೇಕಾಯಿತು. ಕೆಲಸಗಾರರನ್ನು ಬೀದಿಗೆ ಬಿಡಬಾರದೆಂದು ರವೆ ಇಡ್ಲಿ ಮಿಕ್ಸು, ಸಾರಿನ ಪುಡಿ ಕಟ್ಟಿ ಮಾರತೊಡಗಿದರು. ಸಂಕಟಕ್ಕೆ ಹುಡುಕಿಕೊಂಡ ಒಂದು ದಾರಿ ಅದು. ಆದರೆ ಅಂದಾಜಿನ ಮೇಲೆ ಹಿಡಿಹಿಡಿಯಾಗಿ ಹಾಕುತ್ತಿದ್ದ ಮೆಣಸು, ಕೊತ್ತಂಬರಿ ಅಂದು ಗ್ರಾಂ ಲೆಕ್ಕಕ್ಕೆ ಬಂತು. ಭಟ್ಟರ ಕೈ ಪೊಟ್ಟಣದೊಳಗೆ ಇಳಿಯಿತು. ಭಟ್ಟರಿಲ್ಲದೆಯೂ ಅದೇ ರುಚಿ ಬರುತ್ತದೆ ಎಂದಾದ ಮೇಲೆ ಮಾಲೀಕರಿಲ್ಲದೆಯೂ ಬರಬಹುದು ಎಂಬ ಮಾತು ಅದರ ಹಿಂದೆಯೇ ಇತ್ತು.

ಮೂರು ದಶಕ ಕಳೆದು, 2007ರಲ್ಲಿ, ನಾರ್ವೆಯ ಓರ್ಕ್ಲಾ ಕಂಪನಿ ಎಂಟಿಆರ್ ಫುಡ್ಸ್ ಅನ್ನು 8 ಕೋಟಿ ಡಾಲರಿಗೆ ಕೊಂಡಿತು. ಹೊರಗಿನ ಹೂಡಿಕೆದಾರರು ಅಷ್ಟುಹೊತ್ತಿಗೆ ಒಳಗೆ ಬಂದಾಗಿತ್ತು. ಊರಿನಲ್ಲಿ ಗೊಣಗಾಟ ಎದ್ದಿತು, ನಮ್ಮ ಸಾರಿನ ಪುಡಿ ಪರದೇಶಿಗಳ ಪಾಲಾಯಿತು ಎಂದು. ಸಾರಿನ ರುಚಿಯೇನೂ ಕೆಡಲಿಲ್ಲ. ಕೆಲವು ವರ್ಷ ಅದೇ ವ್ಯಾಪಾರಕ್ಕೆ ಇಳಿಯಬಾರದೆಂಬ ಕರಾರು ಮುಗಿದ ಮೇಲೆ ಸದಾನಂದ ಮಯ್ಯ ಮತ್ತೆ ಪುಡಿ, ಕುರುಕಲು ತಿಂಡಿಗಳಿಗೆ ಬಂದರು, ಈ ಸಲ ಮನೆತನದ ಹೆಸರನ್ನೇ ಪೊಟ್ಟಣದ ಮೇಲೆ ಬರೆಸಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮಯ್ಯಾಸ್ ಹೋಟೆಲೂ ಎದ್ದಿತು. ಅತ್ತ ಲಾಲ್‌ಬಾಗ್ ರಸ್ತೆಯ ಹೋಟೆಲನ್ನು ಹೇಮಮಾಲಿನಿ ಮಯ್ಯ ಮತ್ತು ಅವರ ತಮ್ಮಂದಿರು ನಡೆಸುತ್ತ, 2013ರಲ್ಲಿ ಸಿಂಗಪುರದ ಸೆರಂಗೂನ್ ರಸ್ತೆಗೂ ಕೊಂಡೊಯ್ದರು. ಪಾಕ ಬರೆದಿಟ್ಟ ಭಾಗ ಮಾರಾಟವಾಯಿತು. ದಿನವೂ ಮನೆಯವರ ಕಣ್ಣು ಬೇಕಾದ ಭಾಗ ಮನೆಯಲ್ಲೇ ಉಳಿಯಿತು.

ಕೊಂಡವರ ಹಿನ್ನೆಲೆಯೂ ಸ್ವಾರಸ್ಯದ್ದೇ. ಓರ್ಕ್ಲಾದ ಮೂಲ 1654ರಲ್ಲಿ ನಾರ್ವೆಯ ಲೊಕೆನ್‌ನಲ್ಲಿ ಶುರುವಾದ ತಾಮ್ರದ ಗಣಿ. ಗಣಿಯಿಂದ ಹೊರಟ ಕಂಪನಿ ಮುಂದೆ ಆಹಾರಕ್ಕೂ ಪತ್ರಿಕೋದ್ಯಮಕ್ಕೂ ಕೈಹಾಕಿತು. ಡೆನ್ಮಾರ್ಕಿನ ಹಳೆಯ ಪತ್ರಿಕೆ ಬೆರ್ಲಿಂಗ್‌ಸ್ಕೆ ಕೂಡ ಅದರ ಬಳಿ ಇತ್ತು. 2006ರಲ್ಲಿ ಪತ್ರಿಕೆಗಳನ್ನೆಲ್ಲ ಬ್ರಿಟನ್ನಿನ ಮೆಕಾಮ್ ಕಂಪನಿಗೆ ಮಾರಿತು. ಮರುವರ್ಷವೇ ಎಂಟಿಆರ್ ಕೊಂಡಿತು. ಪತ್ರಿಕೆ ಕೊಟ್ಟು ಸಾರಿನ ಪುಡಿ ತಂದವರು ಇವರು! ಓರ್ಕ್ಲಾದ ಅತಿ ದೊಡ್ಡ ಷೇರುದಾರರು ಯಾರೆಂದು ಹುಡುಕಿದರೆ ಅಲ್ಲೂ ಒಂದು ಮನೆತನವೇ ಸಿಗುತ್ತದೆ: ದಿನಸಿ ಅಂಗಡಿಗಳ ಸರಣಿ ಕಟ್ಟಿ ಬೆಳೆದ ಸ್ಟೈನ್ ಎರಿಕ್ ಹಾಗೆನ್ ಅವರದು.

ಇದೇ ಓರ್ಕ್ಲಾ 2020ರಲ್ಲಿ ಕೇರಳದ ಈಸ್ಟರ್ನ್ ಮಸಾಲೆಗೂ ಕೈಚಾಚಿತು. ಅಲ್ಲಿನ ಮೀರಾನ್ ಮನೆತನ ಮಯ್ಯರ ಹಾಗೆ ಪೂರ್ತಿ ಹೊರಬೀಳದೆ ಸುಮಾರು ಹತ್ತನೇ ಒಂದು ಪಾಲು ಉಳಿಸಿಕೊಂಡು ಒಳಗೇ ಉಳಿಯಿತು. ಎರಡೂ ಸೇರಿ ಓರ್ಕ್ಲಾ ಇಂಡಿಯಾ ಆಗಿ 2025ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದಾಗ ಷೇರು ಮಾರಿದವರಲ್ಲಿ ಮೀರಾನರೂ ಇದ್ದರು. ಮಾರುವುದೆಂದರೆ ಒಂದೇ ಏಟಿಗೆ ಎಲ್ಲವನ್ನೂ ಕೊಟ್ಟು ಎದ್ದುಬರಬೇಕು ಎಂದೇನಿಲ್ಲ ಎಂಬುದನ್ನು ನಿಮ್ಮ ಲೆಕ್ಕಿಗರಿಗೆ ನೆನಪಿಸಲು ಇದು ಹತ್ತಿರದ ಉದಾಹರಣೆ.

ಇನ್ನು ಪತ್ರಿಕೆಗಳು.

ಗದಗದ ಸಂಕೇಶ್ವರ ಮನೆತನದ್ದು ಮುದ್ರಣ, ಪ್ರಕಾಶನದ ಕಸುಬು. ಆ ಮನೆಯ ಮಗ ವಿಜಯ ಸಂಕೇಶ್ವರ ಅಚ್ಚಿನ ಮನೆ ಬಿಟ್ಟು 1976ರಲ್ಲಿ ಒಂದು ಲಾರಿ ಕೊಂಡರು. ಲಾರಿ ಸಾವಿರಾರಾಗಿ ವಿಆರ್‌ಎಲ್ ಎಂಬ ಸಾಗಾಟ ಕಂಪನಿಯಾಯಿತು. 1999ರಲ್ಲಿ ಅವರು ಬಿಟ್ಟ ಕಸುಬಿಗೇ ಬೇರೊಂದು ಬಾಗಿಲಿನಿಂದ ವಾಪಸು ಬಂದರು: ವಿಜಯ ಕರ್ನಾಟಕ. ಊರೂರಿಗೆ ಆವೃತ್ತಿ, ಎಟಕುವ ಬೆಲೆ, ಹೊತ್ತಿಗೆ ಸರಿಯಾಗಿ ತಲುಪಿಸುವ ಸ್ವಂತ ಸಾಗಾಟ. ಕೆಲವೇ ವರ್ಷದಲ್ಲಿ ಅದು ಕನ್ನಡದ ಅತಿ ಹೆಚ್ಚು ಪ್ರಸಾರದ ದಿನಪತ್ರಿಕೆಯಾಯಿತು. 2006ರಲ್ಲಿ ಅದನ್ನು ಟೈಮ್ಸ್ ಬಳಗಕ್ಕೆ ಮಾರಿದರು. ಜೊತೆಗೆ ಹೋದ ಇಂಗ್ಲಿಷ್ ಪತ್ರಿಕೆ ವಿಜಯ್ ಟೈಮ್ಸ್ ನಿಂತು, ಆ ಜಾಗದಲ್ಲಿ ಬೆಂಗಳೂರು ಮಿರರ್ ಬಂತು. ವಿಜಯ ಕರ್ನಾಟಕ ಮಾತ್ರ ಹೊಸ ಮಾಲೀಕರ ಕೈಯಲ್ಲೂ ಗಟ್ಟಿಯಾಗಿ ನಿಂತಿತು, ಯಾಕೆಂದರೆ ಆ ಹೆಸರಿನೊಳಗೆ ಇದ್ದದ್ದರಲ್ಲಿ ಹೆಚ್ಚು ಪಾಲು ವ್ಯವಸ್ಥೆ: ಮುದ್ರಣ ಕೇಂದ್ರ, ಏಜೆಂಟರ ಜಾಲ, ಜಾಹೀರಾತಿನ ಪಟ್ಟಿ. ಅದನ್ನು ಕಾಗದದ ಮೇಲೆ ಬರೆದು ಕೊಡಬಹುದು, ಕೊಳ್ಳಬಹುದು. ಮತ್ತೆ ಪತ್ರಿಕೆ ತರಬಾರದೆಂಬ ಕರಾರಿನ ಅವಧಿ ಮುಗಿದ ಮೇಲೆ, 2012ರಲ್ಲಿ, ಸಂಕೇಶ್ವರರು ವಿಜಯವಾಣಿ ತಂದರು. ಹೀಗೆ ಬೆಳಗಾದರೆ ಎರಡು 'ವಿಜಯ'ಗಳು ಬನಶಂಕರಿಯ ಮನೆಗಳ ಗೇಟಿಗೆ ಬಂದು ಬೀಳತೊಡಗಿದವು. ಅವುಗಳಲ್ಲಿ ಒಂದರ ಮಾಲೀಕರಿಗೂ ಹೆಸರಿನಲ್ಲಿರುವ ಆ ವಿಜಯರಿಗೂ ಈಗ ಸಂಬಂಧವೇ ಇಲ್ಲ.

ಮಯ್ಯರ ಪುಡಿಗೂ ಸಂಕೇಶ್ವರರ ಪತ್ರಿಕೆಗೂ ಎಷ್ಟು ಹೋಲಿಕೆ ನೋಡಿ. ಕಟ್ಟಿದರು, ಮಾರಿದರು, ಕರಾರು ಮುಗಿಯುವವರೆಗೆ ಕಾದರು, ಇನ್ನೊಂದು ಹೆಸರಿನಲ್ಲಿ ಮತ್ತೆ ಬಂದರು. ಹೆಸರನ್ನು ಮಾರಬಹುದು, ಕಸುಬು ಗೊತ್ತಿದ್ದವರ ಕೈ ಸುಮ್ಮನೆ ಕೂರುವುದಿಲ್ಲ. ಕೊಂಡವರಿಗೂ ಇದು ಗೊತ್ತು, ಅದಕ್ಕೇ ಕರಾರಿನಲ್ಲಿ ವರ್ಷದ ಲೆಕ್ಕ ಬರೆಸುತ್ತಾರೆ.

ಎಲ್ಲ ಪತ್ರಿಕೆಗಳೂ ಹೀಗಲ್ಲ. ಪಿ. ಲಂಕೇಶ್ 1980ರಲ್ಲಿ ಲಂಕೇಶ್ ಪತ್ರಿಕೆ ಶುರುಮಾಡಿದಾಗ ಅದಕ್ಕೆ ಜಾಹೀರಾತಿನ ಹಂಗು ಇರಲಿಲ್ಲ, ಓದುಗರ ದುಡ್ಡಿನಲ್ಲೇ ನಡೆಯಿತು. ಹೆಸರಿನೊಳಗೆ ಇದ್ದದ್ದು ಒಬ್ಬ ಲೇಖಕ, ಅವರ ಸಿಟ್ಟು, ವ್ಯಂಗ್ಯ, ಓದು. 2000ದ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಗೌರಿ ಸಂಪಾದಕಿಯಾದರು, ಮಗ ಇಂದ್ರಜಿತ್ ಪ್ರಕಾಶನ, ವ್ಯವಹಾರ ನೋಡಿಕೊಂಡರು. 2005ರಲ್ಲಿ ನಕ್ಸಲರ ಕುರಿತ ಒಂದು ವರದಿಯ ವಿಷಯದಲ್ಲಿ ಅಕ್ಕ ತಮ್ಮಂದಿರ ಭಿನ್ನಾಭಿಪ್ರಾಯ ಪತ್ರಿಕಾಗೋಷ್ಠಿಗಳವರೆಗೆ ಹೋಯಿತು. ಗೌರಿ ಹೊರಬಂದು ಗೌರಿ ಲಂಕೇಶ್ ಪತ್ರಿಕೆ ಆರಂಭಿಸಿದರು, 2017ರ ಸೆಪ್ಟೆಂಬರ್ 5ರಂದು ಹತ್ಯೆಯಾಗುವವರೆಗೆ ಅದನ್ನು ನಡೆಸಿದರು. ಆಸ್ತಿಯ ಜಗಳವಾಗಿದ್ದರೆ ವಕೀಲರು ಪಾಲು ಮಾಡಿಕೊಡುತ್ತಿದ್ದರು. ಇಲ್ಲಿ ಪಾಲಾಗಬೇಕಿದ್ದದ್ದು ಒಂದು ನಿಲುವು. ಅಪ್ಪನ ಹೆಸರಿನಡಿ ಏನು ಅಚ್ಚಾಗಬೇಕು ಎಂದು ತೀರ್ಮಾನಿಸುವವರು ಯಾರು ಎಂಬುದಕ್ಕೆ ಮನೆಯಲ್ಲಿ ಉತ್ತರ ಇರಲಿಲ್ಲ.

ಬನಶಂಕರಿ, ಪದ್ಮನಾಭನಗರದವರಿಗೆ ಇನ್ನೊಂದು ಹೆಸರು ಕೂಡಲೇ ನೆನಪಾಗುತ್ತದೆ. 1995ರಲ್ಲಿ ರವಿ ಬೆಳಗೆರೆ ಕಟ್ಟಿದ ಹಾಯ್ ಬೆಂಗಳೂರ್ ಕೂಡ ಇದೇ ಜಾತಿಯದು, ಓದುಗ ದುಡ್ಡು ಕೊಡುತ್ತಿದ್ದದ್ದು ಒಬ್ಬರ ದನಿಗೆ. 2020ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಯ ಮುಂದೆ ಬಂದು ನಿಂತದ್ದು ಅದೇ ಪ್ರಶ್ನೆ.

ಇದಕ್ಕೆ ತದ್ವಿರುದ್ಧವಾದ ದಾರಿಯೂ ನಮ್ಮಲ್ಲೇ ಇದೆ. ಕೆ.ಎನ್. ಗುರುಸ್ವಾಮಿ ಪತ್ರಕರ್ತರಲ್ಲ, ಹೆಂಡ ಸಾರಾಯಿ ಗುತ್ತಿಗೆಯಲ್ಲಿ ಹಣ ಮಾಡಿದ ವ್ಯಾಪಾರಿ. 1948ರ ಜೂನ್ 17ರಂದು ಡೆಕ್ಕನ್ ಹೆರಾಲ್ಡ್, ಅದೇ ವರ್ಷ ಅಕ್ಟೋಬರ್ 15ರಂದು ಪ್ರಜಾವಾಣಿ ತಂದರು. ಇಂಗ್ಲಿಷಿಗೆ ಪೋತನ್ ಜೋಸೆಫ್, ಕನ್ನಡಕ್ಕೆ ಬಿ. ಪುಟ್ಟಸ್ವಾಮಯ್ಯ ಸಂಪಾದಕರು. ಮುಂದೆ ಪ್ರಜಾವಾಣಿಯನ್ನು ದೀರ್ಘಕಾಲ ನಡೆಸಿದ ಟಿ.ಎಸ್. ರಾಮಚಂದ್ರರಾಯರ ಹೆಸರಲ್ಲಿ ಇವತ್ತು ರಾಜ್ಯ ಸರ್ಕಾರ ಪತ್ರಿಕೋದ್ಯಮದ ಪ್ರಶಸ್ತಿ ಕೊಡುತ್ತದೆ. 1965ರಲ್ಲಿ ಸುಧಾ, 1968ರಲ್ಲಿ ಮಯೂರ ಬಂದವು. ಮೊಮ್ಮಕ್ಕಳ ಕಾಲದಲ್ಲಿ ಮನೆಯವರೇ ಸಂಪಾದಕರ ಕುರ್ಚಿಯಲ್ಲೂ ಕೂತರು. ಆದರೆ ಅಷ್ಟುಹೊತ್ತಿಗೆ ಪತ್ರಿಕೆಗೆ ಮಾಲೀಕರಿಂದ ಬೇರೆಯಾದ ಒಂದು ನಡೆ, ಒಂದು ಭಾಷೆ, ಸುದ್ದಿಮನೆಯ ಒಂದು ಕ್ರಮ ಬಂದಿತ್ತು. ಪತ್ರಿಕೆಯ ಹೆಸರಿನಲ್ಲಿ ಗುರುಸ್ವಾಮಿಯವರ ಹೆಸರಿನ ಒಂದಕ್ಷರವೂ ಇಲ್ಲ ಎಂಬುದನ್ನೂ ಗಮನಿಸಿ.

ಮನೆತನವೇ ಬೇಡ ಎಂದವರೂ ಉಂಟು. ಸಂಯುಕ್ತ ಕರ್ನಾಟಕ, ಕಸ್ತೂರಿಗಳನ್ನು ನಡೆಸುವ ಲೋಕಶಿಕ್ಷಣ ಟ್ರಸ್ಟ್ ರಂಗನಾಥ ದಿವಾಕರರಂಥವರು ಕಟ್ಟಿದ್ದು. ಹಾಗೆಂದು ಟ್ರಸ್ಟಿಗೆ ತಾಪತ್ರಯವಿಲ್ಲ ಎಂದಲ್ಲ. ಪತ್ರಿಕೆ ನಡೆಸುವುದು ಲೋಕಶಿಕ್ಷಣವೋ ಲಾಭದ ವ್ಯಾಪಾರವೋ, ಅದಕ್ಕೆ ಆದಾಯ ತೆರಿಗೆ ಇದೆಯೋ ಇಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1975ರಲ್ಲಿ ತೀರ್ಪು ಟ್ರಸ್ಟಿಗೆ ವಿರುದ್ಧವಾಗಿ ಬಂತು. ತೆರಿಗೆ ವಕೀಲರು ಆ ತೀರ್ಪನ್ನು ಈಗಲೂ ಎತ್ತಿ ಹೇಳುತ್ತಾರೆ.

ಕಾರ್ಖಾನೆಯನ್ನೂ ಪತ್ರಿಕೆಯನ್ನೂ ಒಂದೇ ಸೂರಿನಡಿ ನಡೆಸಿದ ಮನೆತನ ಬೇಕೆಂದರೆ ಬೆಳಗಾವಿಗೆ ಹೋಗಬೇಕು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಜಾಗ ಖಾಲಿ ಮಾಡಿ ಎಂದು ಪುರಸಭೆ ಹೇಳಿದಾಗ 1910ರಲ್ಲಿ ಔಂಧ್ ಸಂಸ್ಥಾನದ ಕುಂಡಲದ ಬರಡು ನೆಲಕ್ಕೆ ಹೋದರು, ಅದು ಕಿರ್ಲೋಸ್ಕರವಾಡಿ ಆಯಿತು. 1920ರಲ್ಲಿ ಅಲ್ಲಿಂದಲೇ ಕಾರ್ಖಾನೆಯ ಸುದ್ದಿಪತ್ರವಾಗಿ ಹೊರಟ ಮರಾಠಿ ಮಾಸಿಕ, ಶಂಕರರಾವ್ ಕಿರ್ಲೋಸ್ಕರರ ಕೈಯಲ್ಲಿ ಸಮಾಜ ಸುಧಾರಣೆಯ ದೊಡ್ಡ ವೇದಿಕೆಯಾಗಿ ಬೆಳೆಯಿತು. 'ಸ್ತ್ರೀ' ಮಾಸಿಕವೂ ಆ ಮನೆಯದೇ. ನೇಗಿಲು ಮಾರುವ ಮನೆ ವಿಧವಾ ವಿವಾಹದ ಚರ್ಚೆಯನ್ನೂ ಅಚ್ಚುಹಾಕುತ್ತಿತ್ತು. ನಮ್ಮ ಹರಿಹರದಲ್ಲಿ 1941ರಲ್ಲಿ ಲೇತ್ ಯಂತ್ರಗಳಿಗೆ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿದವು. ಹರಿಹರದ ಕಾರ್ಖಾನೆ ಬಾಗಿಲು ಹಾಕಿಕೊಂಡಿತು, ಒಂದು ಊರಿನ ಸಂಬಳದ ದಿನವೇ ಇಲ್ಲವಾಯಿತು.

ಆ ಮನೆಯ ನಾಲ್ಕನೇ ತಲೆಮಾರಿನ ಸೋದರರು 2009ರಲ್ಲಿ ಕುಟುಂಬ ಒಪ್ಪಂದ ಬರೆದುಕೊಂಡರು. ಒಪ್ಪಂದದ ಅರ್ಥವೇನು ಎಂಬುದೇ ವ್ಯಾಜ್ಯವಾಯಿತು. 2021ರಲ್ಲಿ ಒಂದು ಬಣ ತನ್ನ ಕಂಪನಿಗಳಿಗೆ ಹೊಸ ಲಾಂಛನ ತೊಟ್ಟಾಗ, 130 ವರ್ಷದ ಪರಂಪರೆ ಯಾರದು ಎಂದು ಇನ್ನೊಂದು ಬಣ ತಕರಾರು ತೆಗೆಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಮಧ್ಯಸ್ಥಿಕೆಯ ದಾರಿ ನೋಡಿ ಎಂದಿತು. ಕಾರ್ಖಾನೆ ಪಾಲಾಗಬಹುದು, ಷೇರು ಪಾಲಾಗಬಹುದು, 1888 ಎಂಬ ಇಸವಿಯನ್ನು ಪಾಲು ಮಾಡುವುದು ಹೇಗೆ? ಎಕ್ಸ್‌ಪ್ರೆಸ್ ಬಳಗದ ರಾಮನಾಥ ಗೋಯೆಂಕಾ 1991ರಲ್ಲಿ ತೀರಿಕೊಂಡ ಮೇಲೂ ಇಂಥದೇ ಗಂಟು ಬಿದ್ದಿತ್ತು. ಅಲ್ಲಿ ನಕ್ಷೆ ಹಿಡಿದು ಬಿಡಿಸಿದರು: ದಕ್ಷಿಣದ ಆವೃತ್ತಿಗಳು ಒಂದು ಕವಲಿಗೆ, ಉಳಿದವು ಇನ್ನೊಂದಕ್ಕೆ. ದಕ್ಷಿಣದ್ದು ಹೆಸರಿನ ಮೊದಲಿಗೆ 'ನ್ಯೂ' ಸೇರಿಸಿಕೊಂಡಿತು. ಕನ್ನಡಪ್ರಭ ಆ ಪಾಲಿನ ಜೊತೆ ಬಂತು. ಅಮೆರಿಕದಲ್ಲಿ 2013ರಲ್ಲಿ ಗ್ರಹಾಂ ಮನೆತನ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯನ್ನು ಜೆಫ್ ಬೆಜೋಸ್ ಅವರಿಗೆ 25 ಕೋಟಿ ಡಾಲರಿಗೆ ಮಾರಿದಾಗ, ಉಳಿದ ತಮ್ಮ ಕಂಪನಿಗೆ ಆ ಹೆಸರು ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದು ಗ್ರಹಾಂ ಹೋಲ್ಡಿಂಗ್ಸ್ ಆಯಿತು. ಮಯ್ಯರ ಹಾಗೆ ಅವರೂ ಮನೆತನದ ಹೆಸರಿಗೇ ಮರಳಿದರು.

'ಅಂಡ್ ಸನ್ಸ್' ಬೋರ್ಡಿನ ಬಗ್ಗೆ ಹೆಣ್ಣುಮಕ್ಕಳಿಗೆ ಒಂದೆರಡು ಮಾತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟು. ಕೇಂದ್ರದ ಕಾಯ್ದೆ ಬದಲಾದದ್ದು 2005ರಲ್ಲಿ. ಆ ಬದಲಾವಣೆ ಜಾರಿಗೆ ಬಂದ ದಿನಕ್ಕೆ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಷೇರಿನ ಲೆಕ್ಕ ಬೇರೆ, ಅದು ಷೇರು ಯಾರ ಹೆಸರಲ್ಲಿದೆ, ಉಯಿಲು ಏನು ಹೇಳುತ್ತದೆ ಎಂಬುದರ ಮೇಲೆ ನಿಂತಿದೆ. ಮದುವೆಯ ಮುಂಚೆ 'ಸುಮ್ಮನೆ ಒಂದು ಸಹಿ' ಎಂದು ಯಾರಾದರೂ ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. 2022ರ ನವೆಂಬರಿನಲ್ಲಿ ವಿಕ್ರಂ ಕಿರ್ಲೋಸ್ಕರ್ ದಿಢೀರನೆ ತೀರಿಕೊಂಡಾಗ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿಯಲ್ಲಿ ಅವರ ಸ್ಥಾನಕ್ಕೆ ಬಂದವರು ಮಗಳು ಮಾನಸಿ. ಲಾಲ್‌ಬಾಗ್ ರಸ್ತೆಯ ಹೋಟೆಲಿನ ಹೊಣೆ ಹೊತ್ತವರಲ್ಲೂ ಮನೆಯ ಹಿರಿಮಗಳಿದ್ದಾರೆ.

ಇಷ್ಟನ್ನೂ ಓದಿ ನಿಮ್ಮದು ಯಾವ ಜಾತಿ ಎಂದು ನೀವೇ ನೋಡಿಕೊಳ್ಳಬೇಕು. ನಿಮ್ಮ ಉಪ್ಪಿನಕಾಯಿಯ ಪಾಕ, ಅಚ್ಚಿನ ಅಳತೆ, ಮಿಶ್ರಲೋಹದ ಪ್ರಮಾಣ ಎಲ್ಲಾದರೂ ಬರೆದಿದೆಯೋ, ಅಥವಾ ಇನ್ನೂ ಮೇಸ್ತ್ರಿಯೊಬ್ಬರ ತಲೆಯಲ್ಲೇ ಇದೆಯೋ? ಬರೆದಿದ್ದರೆ ಕೊಳ್ಳುವವರು ಬಂದಾರು, ಮಾರಿದ ಮೇಲೂ ಅದು ಬದುಕೀತು. ನಿಮ್ಮದು ಪ್ರಕಾಶನವೋ ಪತ್ರಿಕೆಯೋ ಆಗಿದ್ದರೆ, ಅಪ್ಪನೋ ಅಮ್ಮನೋ ಇಲ್ಲದ ದಿನ ಒಂದು ಬರಹ ಬೇಡ ಎಂದು ಹೇಳುವ ಅಧಿಕಾರ ಯಾರಿಗಿದೆ ಎಂದು ಈಗಲೇ ಬರೆದಿಡಿ. ಅಂಥ ಒಬ್ಬರನ್ನು ಮನೆಯ ಹೊರಗಿನಿಂದ ತರಲು ಸಾಧ್ಯವೇ ಎಂದು ನೋಡಿ. ಸಾಧ್ಯವಿಲ್ಲ, ಅವರ ದನಿಯೇ ಪತ್ರಿಕೆ ಎಂದಾದರೆ ಮರ್ಯಾದೆಯಿಂದ ನಿಲ್ಲಿಸುವುದೂ ಒಂದು ದಾರಿ. ಹಳೆಯ ಸಂಚಿಕೆಗಳನ್ನು ಜೋಪಾನ ಮಾಡಿ ಗ್ರಂಥಾಲಯಕ್ಕೆ ಕೊಟ್ಟರೆ ಆ ಹೆಸರಿಗೆ ಅವಮಾನವೇನೂ ಆಗದು.

ಸದ್ಯಕ್ಕೆ ಬೇಡಿಕೆ ಚಿಕ್ಕದು. ಬರುವ ಭಾನುವಾರ ಊಟವಾದ ಮೇಲೆ ಮನೆಯ ಕಬ್ಬಿಣದ ಬೀರು ತೆಗೆಸಿ ಟ್ರೇಡ್‌ಮಾರ್ಕಿನ ಪ್ರಮಾಣಪತ್ರ ಹುಡುಕಿ. ಅದು ಕಂಪನಿಯ ಹೆಸರಲ್ಲಿದೆಯೋ, ಅಜ್ಜನ ಹೆಸರಲ್ಲಿದೆಯೋ, ದೊಡ್ಡಪ್ಪನ ಹೆಸರಲ್ಲಿದೆಯೋ ನೋಡಿ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದದ್ದು, ಕೊನೆಯ ದಿನಾಂಕ ಯಾವುದೆಂದು ಓದಿ. ಪತ್ರವೇ ಇಲ್ಲದಿದ್ದರೆ ಸೋಮವಾರ ವಕೀಲರಿಗೆ ಫೋನ್ ಮಾಡಿ. ಅಜ್ಜ ಅಜ್ಜಿ ಇನ್ನೂ ಇದ್ದರೆ ಪಕ್ಕದಲ್ಲಿ ಕೂತು, ಆ ಹೆಸರು ಇಟ್ಟದ್ದು ಯಾಕೆ, ಮೊದಲ ಬೋರ್ಡು ಬರೆದವರು ಯಾರು, ಅದಕ್ಕೆ ಎಷ್ಟು ದುಡ್ಡು ಕೊಟ್ಟರು ಎಂದು ಕೇಳಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ.

ಇತಿ,
ನಿಮ್ಮ ಪುಡಿ ಕೊಳ್ಳುವ, ನಿಮ್ಮ ಪತ್ರಿಕೆ ಓದುವ ಬಡಾವಣೆಯ ನೆರೆಹೊರೆ